ಸೋಮವಾರದ ಬಾಡು

ಸೋಮವಾರ ನಮ್ಮ ಮೆಸ್ಸಿನಲ್ಲಿ ಬಾಡು ಬೇಯಿಸುವುದಿಲ್ಲ. ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೇ ಬಾಗಿಲಿಟ್ಟುಕೊಂಡು ವಾರಕ್ಕೊಂದು ದಿನ ಕೋಳಿ ಇಲ್ಲ, ಮಟನ್ ಇಲ್ಲ ಎನ್ನುವುದು ವ್ಯಾಪಾರಸ್ಥರ ಬುದ್ಧಿಯಲ್ಲ ಎಂದು ನನಗೂ ಗೊತ್ತು. ಕೇರಳದ ಲಾರಿಯವರು "ಚೇಚೀ, ಚಿಕನ್ ಇಲ್ಲೇ?" ಎಂದು ಮುಖ ಹುಳ್ಳಗೆ ಮಾಡಿಕೊಂಡು ಎದುರಿನ ಹೋಟೆಲಿಗೆ ಹೋಗುತ್ತಾರೆ. ಹೋಗಲಿ, ಮಂಗಳವಾರ ಬರುತ್ತಾರೆ. ನಾವು ಮಾದಪ್ಪನ ಒಕ್ಕಲು. ಸೋಮವಾರ ಮಾದಪ್ಪನ ದಿನ. ಒಪ್ಪೊತ್ತು ಉಂಡು, ಬಾಡಿನ ಸುದ್ದಿ ಎತ್ತದೆ ಇರಬೇಕು. ನನ್ನ ಮಾವ ಪುಟ್ಟಮಾದಯ್ಯ ಇರುವವರೆಗೂ ಇದರಲ್ಲಿ ಬದಲಾವಣೆಯಿಲ್ಲ. ಆದರೆ ಈಚೆಗೆ ಸೋಮವಾರ ಬಂತೆಂದರೆ ನನಗೆ ಹೆದರಿಕೆ.

ಇದೆಲ್ಲ ಶುರುವಾದದ್ದು ನನ್ನ ಮೈದುನ ಶಿವರಾಮು ಕೆಲಸ ಬಿಟ್ಟಾಗ. ಚಾಮರಾಜನಗರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ನಮ್ಮ ಕಡೆ ಸರ್ಕಾರಿ ಕೆಲಸ ಸಿಗುವುದೆಂದರೆ ಮಳೆಗಾಲದಲ್ಲಿ ಒಣಸೌದೆ ಸಿಕ್ಕ ಹಾಗೆ. ಅದನ್ನು ಬಿಟ್ಟ. ಯಾಕೆ? ಊರೂರು ತಿರುಗಿ ಊಟ ಮಾಡಲು! ಕಚೇರಿ ಮುಗಿದ ಮೇಲೆ ಸಂತೆಮರಹಳ್ಳಿಯ ಸಂತೆಯಲ್ಲಿ ಬೋಂಡ ತಿನ್ನುತ್ತ, ನಮ್ಮ ಮೆಸ್ಸಿನಲ್ಲಿ ಮುದ್ದೆ ಮುರಿಯುತ್ತ ವಿಡಿಯೊ ಮಾಡಿ 'ತುತ್ತು' ಎಂಬ ಚಾನೆಲ್ಲಿಗೆ ಹಾಕುತ್ತಿದ್ದ. ಜನ ನೋಡಿದರು. ನೋಡನೋಡುತ್ತ ಲಕ್ಷ ದಾಟಿದರು. ಅವನ ತಲೆ ತಿರುಗಿತು.

"ದೇಶ ಸುತ್ತು, ಕೋಶ ಓದು ಅಂದೋರು ಉಣ್ಣು ಅನ್ನೋದ ಮರ್ತವ್ರೆ, ಅತ್ತಿಗಮ್ಮ. ಅದ್ನ ನಾನು ಮಾಡ್ತೀನಿ" ಎಂದ.

"ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲ್ದು ಅಂತ್ಲೂ ಅಂದವ್ರೆ ಕಣಪ್ಪ" ಎಂದೆ ನಾನು.

"ನಾನು ಕೂತು ಉಣ್ಣಲ್ವಲ್ಲ, ತಿರುಗ್ತಾ ಉಣ್ತೀನಿ." ಹಾಗಿತ್ತು ಅವನ ಬಾಯಿ.

ಮಾವ ಮಾತ್ರ ನಗಲಿಲ್ಲ. "ಊಟಕ್ಕೋಸ್ಕರ ಕೆಲ್ಸ ಮಾಡೋರ್ನ ಕಂಡಿವ್ನಿ. ಊಟಕ್ಕೋಸ್ಕರ ಕೆಲ್ಸ ಬುಡೋನ್ನ ಇವ್ನೊಬ್ನೇ ಕಂಡದ್ದು" ಎಂದು ಎದ್ದು ಹೊಲದ ಕಡೆಗೆ ಹೋದರು.

ನನಗೆ ಅವನು ಮೈದುನ ಎನ್ನುವುದಕ್ಕಿಂತ ಮಗನೇ. ಮದುವೆಯಾಗಿ ನಾನು ಗಂಡನ ಊರು ಭೀಮನಬೀಡಿಗೆ ಬಂದಾಗ ಅವರಮ್ಮ ತೀರಿಕೊಂಡಿದ್ದರು, ಅವನಿನ್ನೂ ಚಡ್ಡಿ ಹಾಕುವ ಹುಡುಗ. ಮೊದಲ ದಿನವೇ ನನ್ನ ಕೈಯ ಸಾರು ಉಂಡು "ಉಪ್ಪು ಕಮ್ಮಿ" ಎಂದ ಪುಣ್ಯಾತ್ಮ. ಒಮ್ಮೆ ಟೈಫಾಯ್ಡ್ ಬಂದು ಮಂಚ ಹಿಡಿದಿದ್ದ. ಡಾಕ್ಟರು ದಿನಾ ಮೊಟ್ಟೆ ಕೊಡಿ ಎಂದಿದ್ದರು. ಸೋಮವಾರ ಮಾವ ಮನೆಯಲ್ಲಿಲ್ಲದಾಗ ಕದ್ದು ಒಂದು ಮೊಟ್ಟೆ ಬೇಯಿಸಿಕೊಟ್ಟೆ. ಬಾಯಿ ಬಿಗಿ ಹಿಡಿದು ಗೋಡೆಯ ಕಡೆಗೆ ತಿರುಗಿ ಮಲಗಿದ, ತೆರೆಯಲೇ ಇಲ್ಲ. ಅಷ್ಟು ಹಟ. ಆಮೇಲೆ ಅದು ಮಾವನ ಕಿವಿಗೂ ಬಿದ್ದು, ಅವರು ಊರಿಗೆಲ್ಲ ಹೇಳಿಕೊಂಡು ತಿರುಗಿದರು.

ಮೊದಲು ಬ್ಯಾಂಕಾಕಿಗೆಂದು ಅವನು ಹೊರಟಿದ್ದೂ ಒಂದು ಸೋಮವಾರ. ಬಸ್ ಸ್ಟ್ಯಾಂಡಿನಲ್ಲಿ ಬುತ್ತಿ ಕೈಗೆ ಕೊಡುತ್ತ, "ಅಲ್ಲಿ ಹಾವು ಹಲ್ಲೀನೆಲ್ಲ ತಿಂತಾರಂತೆ. ಏನಾರಾ ತಿನ್ನು, ಸೋಮವಾರ ಒಂದು ಕಾಪಾಡ್ಕೊ" ಎಂದೆ.

"ಯಾರಾದ್ರೂ ಕುತ್ಗೆಗೆ ಮಚ್ಚು ಇಟ್ರೆ ತಿಂದೇನು. ಇಲ್ದಿದ್ರೆ ಇಲ್ಲ, ಬುಡಿ ಅತ್ತಿಗಮ್ಮ" ಎಂದು ನಕ್ಕ. ಬಸ್ಸು ತಿರುಗುವವರೆಗೂ ಕಿಟಕಿಯಿಂದ ಕೈ ಬೀಸುತ್ತಿದ್ದ.

ಬ್ಯಾಂಕಾಕಿನಿಂದ, ಪೆನಾಂಗಿನಿಂದ, ಹನೋಯಿಯಿಂದ ವಿಡಿಯೊ ಬಂದವು. ನಮ್ಮ ಮೆಸ್ಸಿನ ಟೀವಿಯಲ್ಲೇ ಹಾಕಿ ನೋಡುತ್ತಿದ್ದೆವು. ಹನೋಯಿಯಲ್ಲಿ ಬಿಸಿ ಸಾರಿನೊಳಗೆ ಶಾವಿಗೆ ಮುಳುಗಿಸಿ ಕೊಟ್ಟರಂತೆ. "ನಮ್ಮ ಒತ್ತುಶಾವಿಗೇನ ಮೂಳೆಸಾರಿಗೆ ಹಾಕಿದಂಗೆ ಅದೆ" ಎಂದ. ಡುರಿಯನ್ ಹಣ್ಣು ತಿಂದು "ಇದು ಹಲಸಿನ ಹಣ್ಣಿನ ಸೋದರಮಾವ, ಸ್ನಾನ ಮಾಡದ ಮಾವ" ಎಂದ. ಊಟಕ್ಕೆ ಕೂತವರೆಲ್ಲ ಬಿದ್ದು ಬಿದ್ದು ನಕ್ಕರು. ಸೋಮವಾರ ಬಂದರೆ ಬರೀ ಮಾವಿನ ಹಣ್ಣು, ಅನ್ನ, ಕಾಯಿಹಾಲು. "ಇವತ್ತು ನಮ್ಮ ಮಾದಪ್ಪನ ದಿನ" ಎಂದು ಶುರು ಮಾಡುತ್ತಿದ್ದ. ಮಾವ ಟೀವಿಗೆ ಬೆನ್ನು ಹಾಕಿ ಕೂತಿದ್ದರೂ ಕಿವಿ ಮಾತ್ರ ಇತ್ತಲೇ ಇರುತ್ತಿತ್ತು. ಒಮ್ಮೆ ಅವರು ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡೆ.

ಆಮೇಲೆ ಯಾವುದೋ ಕಂಪನಿಯವರು ಸಿಕ್ಕರಂತೆ. ಅವನ ಖರ್ಚೆಲ್ಲ ನೋಡಿಕೊಂಡು ನದಿ ದಾಟಿಸಿ ಗಡಿಯ ಆಚೆಯ ಒಂದು ಹೊಸ ಊರಿಗೆ ಕರೆದೊಯ್ಯುತ್ತಾರಂತೆ. ಅಲ್ಲಿ ದೊಡ್ಡ ದೊಡ್ಡ ಹೋಟೆಲುಗಳಂತೆ. ವಾಯ್ಸ್ ಮೆಸೇಜಿನಲ್ಲಿ ಇಷ್ಟು ಹೇಳಿದ. ಅದೇ ಕೊನೆ. ಅದಾದ ಮೇಲೆ ನಾನು ಏನು ಕಳಿಸಿದರೂ ಬರಹದಲ್ಲೇ ಉತ್ತರ. 'ಚೆನ್ನಾಗಿದ್ದೇನೆ. ಬ್ಯುಸಿ.' ಜೀವಮಾನದಲ್ಲಿ ನನಗೆ ಒಂದು ಸಾಲು ಟೈಪ್ ಮಾಡದವನು! ಮಾತಾಡದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ವಿಡಿಯೊಗಳೂ ಬೇರೆಯಾದವು. ಬೀದಿ ಇಲ್ಲ, ಗಾಡಿ ಇಲ್ಲ, ಅಡುಗೆ ಮಾಡುವವರ ಮುಖ ಇಲ್ಲ. ಬಿಳಿ ಗೋಡೆಯ ಮುಂದೆ ಒಂದು ಮೇಜು, ಮೇಜಿನ ಮೇಲೆ ತಟ್ಟೆ. ತಟ್ಟೆಯಿಂದ ಹಬೆ ಏಳುತ್ತಿರಲಿಲ್ಲ. ಅನ್ನ ಮಾರಿ ಬದುಕುವವಳಿಗೆ ತಂಗಳು ತಿಳಿಯುವುದಿಲ್ಲವೇ? ಅವನು ಮಾತು ಶುರು ಮಾಡುವ ಮುಂಚೆ ಒಮ್ಮೆ ಪಕ್ಕಕ್ಕೆ ನೋಡುತ್ತಿದ್ದ, ಮಾತು ಮುಗಿಸಿ ಮತ್ತೊಮ್ಮೆ ನೋಡುತ್ತಿದ್ದ. ಕೊನೆಗೆ ಪ್ರತಿ ಸಲವೂ ಒಂದೇ ಪಾಠ: "ನಮ್ಮ ಕಡೆಯ ಹುಡುಗರಿಗೆ ಇಲ್ಲಿ ಒಳ್ಳೆ ಕೆಲಸ ಇದೆ. ಊಟ, ರೂಮು ಎಲ್ಲ ಫ್ರೀ. ಕೆಳಗಿನ ನಂಬರಿಗೆ ಫೋನ್ ಮಾಡಿ."

ನನ್ನ ಸ್ವಂತ ತಮ್ಮ ದೇವರಾಜು ಫೋನ್ ಮಾಡಿಯೂ ಬಿಟ್ಟ. ಹರದನಹಳ್ಳಿಯ ಹುಡುಗ, ಬಂಡೀಪುರದ ಕಡೆ ಒಂದು ರೆಸಾರ್ಟಿನಲ್ಲಿ ಜೀಪು ಓಡಿಸುತ್ತಿದ್ದ. ಆ ಕಡೆಯಿಂದ ಒಬ್ಬ ಗಂಡಸು ಒಳ್ಳೆಯ ಕನ್ನಡದಲ್ಲೇ ಮಾತಾಡಿ, ಶಿವರಾಮುವಿನ ಜೊತೆ ಕ್ಯಾಮೆರಾ ಹಿಡಿಯುವ ಕೆಲಸ ಕೊಡುತ್ತೇವೆ, ಟಿಕೆಟ್ಟೂ ನಾವೇ ಕಳಿಸುತ್ತೇವೆ ಎಂದನಂತೆ. ದೇವರಾಜು ರೆಸಾರ್ಟಿನ ಕೆಲಸ ಬಿಟ್ಟು ಹೊಸ ಬ್ಯಾಗು ಕೊಂಡ.

ಅದೇ ಹೊತ್ತಿಗೆ ಒಂದು ಸೋಮವಾರ ಮಧ್ಯಾಹ್ನ ಊಟದವರೆಲ್ಲ ಹೋದ ಮೇಲೆ ನಾನು ಪಾತ್ರೆ ತಿಕ್ಕಿಸುತ್ತಿದ್ದೆ. ಗಂಡ ಶಾಂತರಾಜು ಫೋನು ಹಿಡಿದು ಒಳಗೆ ಬಂದರು. ಮುಖ ಸುಟ್ಟ ಬದನೆಕಾಯಿ.

"ನೋಡು ಇವ್ನು ಮಾಡಿರೋ ಕೆಲ್ಸವ."

ಬಿಳಿ ಗೋಡೆ. ತಟ್ಟೆಯ ತುಂಬ ಕೋಳಿ ತುಂಡು. ಶಿವರಾಮು ಕ್ಯಾಮೆರಾವನ್ನೇ ನೇರ ನೋಡುತ್ತ ನಿಧಾನವಾಗಿ ಹೇಳಿದ: "ಇವತ್ತು ಸೋಮವಾರ. ಬಾಡು ತಿನ್ನೋದಕ್ಕೆ ಒಳ್ಳೆ ದಿನ." ಒಂದು ತುಂಡು ಎತ್ತಿ ಬಾಯಿಗಿಟ್ಟ. ಅಗಿದ. ನುಂಗಿದ. "ಮನೆಯವರೆಲ್ಲ ನೋಡಿ. ಇವತ್ತು ಸೋಮವಾರ" ಎಂದು ಮತ್ತೆ ಹೇಳಿದ.

ನನಗೆ ಮೊದಲು ಬಂದದ್ದು ಕೋಪ. ಬರಲಿ ಮನೆಗೆ, ಸೌಟಿನಲ್ಲೇ ಬಾರಿಸುತ್ತೇನೆ ಅಂದುಕೊಂಡೆ. ದೇವರು ಬೇಡವಾದರೆ ಸುಮ್ಮನೆ ತಿಂದು ಸಾಯಲಿ, ಊರಿಗೆ ತೋರಿಸಿಕೊಂಡು ಯಾಕೆ ತಿನ್ನಬೇಕು? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ಮಟನ್ ಕೊಚ್ಚಲು ಕೂತವಳು ಮಚ್ಚು ಕೈಗೆತ್ತಿಕೊಂಡೆ. ಕೊರಡಿನ ಮೇಲಿಟ್ಟ ಮಾಂಸ ಹಾಗೇ ಇತ್ತು, ಕೈ ಏಳಲಿಲ್ಲ. ಬಸ್ ಸ್ಟ್ಯಾಂಡಿನ ಮಾತು ನೆನಪಾಯಿತು.

ಯಾರಾದರೂ ಕುತ್ತಿಗೆಗೆ ಮಚ್ಚು ಇಟ್ಟರೆ ತಿಂದೇನು ಎಂದಿದ್ದ.

ಅವನು ದೇವರನ್ನು ಮರೆತಿರಲಿಲ್ಲ. ನಮ್ಮನ್ನು ಕೂಗುತ್ತಿದ್ದ. ಅಲ್ಲಿ ಅವನನ್ನು ಕಾವಲು ಕಾಯುವವರಿಗೆ ಕೋಳಿ ತಿನ್ನುವುದು ಬರೀ ಊಟ. ಅದು ಕೂಗು ಎಂದು ತಿಳಿಯುವುದು ನಮ್ಮ ಮನೆಗೆ ಮಾತ್ರ. ಗಂಡನಿಗೆ ಹೇಳಿದೆ. ಅವರು ಅಲ್ಲೇ ಬೆಂಚಿನ ಮೇಲೆ ಕೂತು ವಿಡಿಯೊ ಮತ್ತೆ ಮತ್ತೆ ಹಾಕಿ ನೋಡಿದರು.

ದೇವರಾಜುವನ್ನು ಕರೆಸಿದೆ. ಅವನು ಒಪ್ಪಲಿಲ್ಲ. "ಅಕ್ಕ, ದೇಸ ಸುತ್ತಿ ಬದ್ಲಾಗವ್ನೆ ಅಷ್ಟೇಯ. ನಿಂಗೆಲ್ಲಾದ್ರಲ್ಲೂ ದೆವ್ವವೇ ಕಾಣೋದು."

"ಟೈಫಾಯ್ಡಲ್ಲಿ ಮೊಟ್ಟೆ ತಿನ್ನದೋನು ಕಣ್ಲಾ ಅವ್ನು! ಪಾಸ್‌ಪೋರ್ಟು ಇತ್ತ ತತ್ತಾ."

ಕೊಡಲಿಲ್ಲ. ಅವನ ಹೊಸ ಬ್ಯಾಗಿನಿಂದ ನಾನೇ ಕಿತ್ತುಕೊಂಡು ಅಕ್ಕಿಯ ಡಬ್ಬದೊಳಗೆ ಹೂತಿಟ್ಟೆ. ಬೈದುಕೊಂಡು ಹೋದ. ಹೋಗಲಿ, ಬೈಯಲಾದರೂ ಬದುಕಿರಲಿ.

ಮಾವನಿಗೆ ಮಾತ್ರ ಹೇಳಬಾರದು ಎಂದು ನಾನೂ ಗಂಡನೂ ತೀರ್ಮಾನಿಸಿದೆವು. ಮುದುಕರ ಎದೆ ಒಡೆದೀತು ಎಂಬುದು ಒಂದು. ಅವರ ಬಾಯಿಗೆ ಬಿದ್ದ ಮಾತು ಪಂಚಾಯಿತಿಯ ಮೈಕಿಗೆ ಬಿದ್ದ ಹಾಗೆ ಎಂಬುದು ಇನ್ನೊಂದು. ಪ್ರತಿ ವರ್ಷ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವವರ ಗುಂಪಿಗೆ ಅವರೇ ಯಜಮಾನರು. ಆ ಗುಂಪಿನ ಹುಡುಗರ ಫೋನುಗಳಲ್ಲಿ ಅವರು ಹೇಳಿದ್ದೇ ವೇದ.

ನಾನೊಬ್ಬಳೇ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆ. ಪೊಲೀಸ್ ಕಚೇರಿಯಲ್ಲಿ ಶಿವರಂಜಿನಿ ಎಂಬ ಅಧಿಕಾರಿ ಕೂರಿಸಿ ಕೇಳಿದರು. ಸೋಮವಾರ ಕೋಳಿ ತಿಂದ ಎಂದು ದೂರು ಕೊಡಲು ಬಂದಿದ್ದಾಳೆ ಈ ಹೆಂಗಸು ಎಂದು ನಗುತ್ತಾರೇನೋ ಅಂದುಕೊಂಡಿದ್ದೆ. ನಗಲಿಲ್ಲ. ವಿಡಿಯೊ ನೋಡಿದರು, ನಿಲ್ಲಿಸಿ ನಿಲ್ಲಿಸಿ ನೋಡಿದರು.

"ಕೆಲಸ ಕೊಡ್ತೀವಿ ಅಂತ ಕರ್ಕೊಂಡು ಹೋಗಿ, ಪಾಸ್‌ಪೋರ್ಟ್ ಕಿತ್ಕೊಂಡು ಕೂಡಿ ಹಾಕ್ತಾರಮ್ಮ. ಫೋನಲ್ಲಿ ಜನಕ್ಕೆ ಮೋಸ ಮಾಡೋ ಕೆಲಸ ಮಾಡಿಸ್ತಾರೆ. ಇವರ ಮುಖ ಜನಕ್ಕೆ ಗೊತ್ತಲ್ಲ, ಅದಕ್ಕೇ ಬೇರೆ ಹುಡುಗರನ್ನ ಕರೆಸೋಕೆ ಇಟ್ಕೊಂಡಿದ್ದಾರೆ" ಎಂದರು. ದೆಹಲಿಗೆ, ರಾಯಭಾರ ಕಚೇರಿಗೆ ಅವತ್ತೇ ಬರೆಯುವುದಾಗಿ ಹೇಳಿದರು. ನಾನು ಎದ್ದಾಗ ಬಾಗಿಲವರೆಗೂ ಬಂದರು. "ಒಂದು ಮಾತು. ಅವರು ಸುಳಿವು ಕೊಡ್ತಿದ್ದಾರೆ ಅಂತ ಅಲ್ಲಿಯವರಿಗೆ ಗೊತ್ತಾಗಬಾರದು. ಅವರಲ್ಲಿ ಕನ್ನಡ ಬಲ್ಲೋರೂ ಇದ್ದಾರೆ. ಯಾರೂ ಏನೂ ಬರೀಬೇಡಿ, ಹೇಳಬೇಡಿ. ಗೊತ್ತಾದ್ರೆ ಸುಮ್ನೆ ಬಿಡಲ್ಲ ಅವರು."

ತುಟಿ ಹೊಲಿದುಕೊಂಡು ಇರುತ್ತೇವೆ ಎಂದು ಕೈ ಮುಗಿದು ಬಂದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಹಳ ದಿನದ ಮೇಲೆ ಸ್ವಲ್ಪ ಧೈರ್ಯ ಬಂದಿತ್ತು. ಒಬ್ಬರಾದರೂ ನಂಬಿದರಲ್ಲ ಎಂಬ ನೆಮ್ಮದಿ. ತೆರಕಣಾಂಬಿ ಹತ್ತಿರ ಬಂದಾಗ ಕಣ್ಣು ಹತ್ತುವಂತಾಗಿತ್ತು.

ಆಗ ನನ್ನ ಮಾವ ಮಾತಾಡಿದರು.

ಬೆಚ್ಚಿ ಕಣ್ಣು ಬಿಟ್ಟೆ. ಮುಂದಿನ ಸೀಟಿನಲ್ಲಿ ಕಾಲೇಜು ಹುಡುಗಿಯೊಬ್ಬಳ ಫೋನಿನೊಳಗೆ ಮಾವ. ಭೀಮನಬೀಡಿನ ನಮ್ಮ ನಡುಮನೆಯ ಮಾದಪ್ಪನ ಪಟದ ಮುಂದೆ ವಿಭೂತಿ ಬಳಿದುಕೊಂಡು ನಿಂತಿದ್ದಾರೆ. "ಲೇ ಸಿವರಾಮು, ಕೇಳ್ಲಾ ಇಲ್ಲಿ. ನಮ್ಮ ವಂಸದಲ್ಲೇ ಸೋಮವಾರ ಬಾಡು ಮುಟ್ಟಿದೋರಿಲ್ಲ. ನೀನು ಜರ ಬಂದು ಸಾಯಂಗಿದ್ದಾಗ್ಲೂ ಮೊಟ್ಟೆ ಮುಟ್ಲಿಲ್ವಲ್ಲಾ! ಈಗೇನ್ಲಾ ಬಂತು ನಿಂಗೆ? ಯಾಕ್ಲಾ ಸೋಮವಾರ ಸೋಮವಾರ ಅಂತ ಯೋಳಿ ಯೋಳಿ ತಿಂದೆ? ತೆಪ್ಪಾಯ್ತು ಅನ್ನು. ಇಲ್ದಿದ್ರೆ ನೀನು ನನ್ನ ಮಗ್ನೇ ಅಲ್ಲ."

"ತಾತ ಸೂಪರ್ ಅಲ್ವಾ?" ಎಂದಳು ಹುಡುಗಿ ಪಕ್ಕದವಳಿಗೆ.

ಅವಳ ಕೈಯಿಂದ ಫೋನು ಕಸಿದುಕೊಂಡೆ. ಅವಳು ಕಿರುಚಿದಳು. ಕಂಡಕ್ಟರು ಬಂದ. ನನಗೆ ಯಾರೂ ಕಾಣಲಿಲ್ಲ. ಕಾಮೆಂಟು ಒಂದರ ಕೆಳಗೊಂದು ಏರುತ್ತಲೇ ಇದ್ದವು. ಬೆಟ್ಟದ ಗುಂಪಿನ ಹುಡುಗರೆಲ್ಲ ಶಿವರಾಮುವಿನ ವಿಡಿಯೊಗೇ ಹೋಗಿ ಬರೆದಿದ್ದರು. 'ಮಾದಪ್ಪನ ಒಕ್ಕಲು ಸೋಮವಾರ ಮಾಂಸ ತಿನ್ನಲ್ಲ ಅಂತ ನಿನಗೆ ಗೊತ್ತಿಲ್ವಾ?' 'ಬೇಕು ಅಂತಲೇ ಸೋಮವಾರ ಅಂತ ಹೇಳಿ ತಿಂದಿದ್ದಾನೆ, ಎರಡು ಸಲ ಹೇಳಿದ್ದಾನೆ ನೋಡಿ.' ಯಾವ ಗುಟ್ಟನ್ನು ಅವನು ನಮ್ಮ ಮನೆಗಷ್ಟೇ ತಿಳಿಯುವ ಹಾಗೆ ಕಟ್ಟಿ ಕಳಿಸಿದ್ದನೋ ಅದನ್ನು ಬಿಚ್ಚಿ, ಕನ್ನಡದಲ್ಲಿ, ಅವನ ಮುಖದ ಕೆಳಗೇ ಬರೆದಿಟ್ಟಿದ್ದರು. ಓದಬೇಕಾದವನು ಓದುವುದಷ್ಟೇ ಬಾಕಿ.

ಗುಂಡ್ಲುಪೇಟೆಯಲ್ಲಿ ಇಳಿದವಳೇ ಆಟೋ ಹಿಡಿದು ಭೀಮನಬೀಡಿಗೆ ಹೋದೆ. ಮಾವ ಜಗಲಿಯ ಮೇಲೆ ಹುಡುಗರ ನಡುವೆ ಕೂತು ಕಾಫಿ ಕುಡಿಯುತ್ತಿದ್ದರು. ಮುಖದಲ್ಲಿ ಕಳೆ.

"ಬಾ ಸಿವಲಕ್ಸ್ಮಿ. ಎಲ್ರೂ ನೋಡವ್ರಂತೆ ಕನವ್ವ. ಇನ್ನಾದ್ರೂ ಬುದ್ದಿ ಬತ್ತುದೆ ನನ್ಮಗ್ನಿಗೆ."

ನಾನು ಸೊಸೆ ಎಂಬುದನ್ನು ಅವತ್ತು ಮರೆತೆ. "ಕೊಂದ್ಬುಟ್ರಲ್ಲ ಮಾವ! ನಿಮ್ಮ ನಾಲ್ಗೇಲೇ ಮಗನ್ನ ಕೊಂದ್ಬುಟ್ರಲ್ಲ!" ಎಂದು ಕೂಗಿಬಿಟ್ಟೆ. ಹುಡುಗರು ಎದ್ದು ನಿಂತರು. ಅವರನ್ನೆಲ್ಲ ಆಚೆ ಕಳಿಸಿ ಬಾಗಿಲು ಹಾಕಿ ಎಲ್ಲ ಹೇಳಿದೆ. ಬಸ್ ಸ್ಟ್ಯಾಂಡಿನ ಮಾತು, ಅಧಿಕಾರಿಯ ಮಾತು, ಎಲ್ಲ.

ಮಾವ ಲೋಟ ಕೆಳಗಿಟ್ಟರು, ಅದು ಉರುಳಿತು. "ನಂಗ್ಯಾಕವ್ವ ಮೊದ್ಲೇ ಯೋಳ್ಲಿಲ್ಲ?" ಎಂದರು. ಮಾವನ ಮೇಲಿನ ಸಿಟ್ಟು ಹಾಗೇ ಇತ್ತು, ಅದರ ಜೊತೆಗೇ ಅಳು ಬಂತು.

ಮಾವನ ವಿಡಿಯೊ ಅಳಿಸಿ ಹಾಕಿಸಿದೆವು. ಶಾಂತರಾಜು ಒಬ್ಬೊಬ್ಬರ ಮನೆಗೂ ಹೋಗಿ ಕಾಲಿಗೆ ಬೀಳುವುದೊಂದು ಬಾಕಿ ಇಟ್ಟು ಕಾಮೆಂಟು ಅಳಿಸಿ ಎಂದು ಬೇಡಿಕೊಂಡರು. ಕಾರಣ ಹೇಳುವ ಹಾಗಿಲ್ಲ. ಒಬ್ಬರು ಅಳಿಸಿದರೆ ಇನ್ನೊಬ್ಬರು ಬರೆದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಶಿವರಂಜಿನಿಯವರಿಗೆ ಫೋನ್ ಮಾಡಿ ಹೇಳಿದೆ. ಯಾವಾಗ ಹಾಕಿದ್ದು, ಎಷ್ಟು ಜನ ನೋಡಿದ್ದಾರೆ ಎಂದು ಕೇಳಿ ಬರೆದುಕೊಂಡರು. ಆಮೇಲೆ, "ಪ್ರಯತ್ನ ನಡೀತಾ ಇದೆ, ಧೈರ್ಯವಾಗಿರಿ" ಎಂದರು. ದೇವರಾಜು ಯಾರೂ ಕರೆಯದೆಯೇ ಬಂದು ಮೆಸ್ಸಿನ ಮೂಲೆಯಲ್ಲಿ ಕೂತ. ಪಾಸ್‌ಪೋರ್ಟಿನ ಮಾತೆತ್ತಲಿಲ್ಲ. ಮತ್ತೆ ಆ ನಂಬರಿಗೆ ಫೋನ್ ಮಾಡಲೂ ಇಲ್ಲ. ನನ್ನ ತಮ್ಮ ಉಳಿದ. ಬರಬೇಡ ಎಂದು ಶಿವರಾಮು ತನ್ನ ಬಾಯಿ ಕೆಡಿಸಿಕೊಂಡು ಹೇಳಿದ್ದಕ್ಕೆ ಉಳಿದ.

ಆ ವಾರ ಚಾನೆಲ್ಲಿನಲ್ಲಿ ಏನೂ ಬರಲಿಲ್ಲ. ಮಾವ ಊಟ ಬಿಟ್ಟರು. ಪಟದ ಮುಂದೆ ಕೂತು ತುಟಿ ಅಲ್ಲಾಡಿಸುತ್ತಿದ್ದರು, ಸದ್ದು ಬರುತ್ತಿರಲಿಲ್ಲ. ಅವರ ಜೊತೆಗಿರಲೆಂದು ಮೆಸ್ಸನ್ನು ಗಂಡನಿಗೆ ಬಿಟ್ಟು ನಾನು ಭೀಮನಬೀಡಿನಲ್ಲೇ ಉಳಿದೆ.

ಸೋಮವಾರ ಬಂತು. ನಾನು ಒಪ್ಪೊತ್ತಿನ ಅಡುಗೆಗೆ ಅಕ್ಕಿ ಕೇರುತ್ತಿದ್ದೆ. ಪಕ್ಕದ ಮನೆಯ ದೊಡ್ಡಮಲ್ಲಪ್ಪ ಫೋನು ಎತ್ತಿ ಹಿಡಿದು ಓಡಿ ಬಂದರು. ಹಿಂದೆ ಬೆಟ್ಟದ ಗುಂಪಿನ ಹುಡುಗರು.

"ಪುಟ್ಟಮಾದಣ್ಣೋ, ಬಾ ನೋಡು! ನಿನ್ನ ಮಾತು ನಾಟ್ಬುಡ್ತು ಕನ ಹುಡುಗ್ನಿಗೆ!"

ಅದೇ ಬಿಳಿ ಗೋಡೆ, ಅದೇ ಮೇಜು. ತಟ್ಟೆಯಲ್ಲಿ ಮೊಸರನ್ನ. ಶಿವರಾಮುವಿನ ಹಣೆಯ ಮೇಲೆ ವಿಭೂತಿ. ಅದನ್ನು ಬೇರೆ ಯಾರೋ ಹಚ್ಚಿದ್ದರು, ಬೆರಳ ಗೆರೆ ಅಡ್ಡಾದಿಡ್ಡಿಯಾಗಿತ್ತು. ಈ ಸಲ ಅವನು ಕ್ಯಾಮೆರಾ ನೋಡಲಿಲ್ಲ, ಅದರ ಮೇಲಕ್ಕೆ ಎಲ್ಲೋ ನೋಡುತ್ತ ಹೇಳಿದ: "ಇವತ್ತು ಸೋಮವಾರ. ಮಾದಪ್ಪನ ದಿನ. ನಮ್ಮಪ್ಪ ಹೇಳಿದ್ದು ಸರಿ. ತಪ್ಪು ನನ್ನದು. ನಾನಿಲ್ಲಿ ಚೆನ್ನಾಗಿದ್ದೇನೆ. ನೀವೂ ಬನ್ನಿ." ತುತ್ತು ಕಲಸಿ ಬಾಯಿಗಿಟ್ಟ.

"ಉಘೇ ಮಾದಪ್ಪ!" ಎಂದು ಹುಡುಗರು ಕೂಗಿದರು. ದೊಡ್ಡಮಲ್ಲಪ್ಪ ಮಾವನ ಬೆನ್ನು ತಟ್ಟಿದರು. "ಮಗ ಅಂದ್ರೆ ಇಂಗಿರ್ಬೇಕು. ಅಪ್ಪನ ಒಂದು ಮಾತ್ಗೆ ದಾರಿಗ್ ಬಂದ ನೋಡು." ಯಾರೋ ಸಕ್ಕರೆ ತನ್ನಿ ಎಂದರು. ನಿಜವಾಗಿಯೂ ಅಷ್ಟು ಸಂತೋಷ ಅವರಿಗೆ.

ಮಾವ ನಗಲಿಲ್ಲ. ದೊಡ್ಡಮಲ್ಲಪ್ಪನ ಕೈಯಿಂದ ಫೋನು ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ಮೊದಲಿಂದ ಹಾಕು ಎಂದು ನನಗೆ ಸನ್ನೆ ಮಾಡಿದರು. ಹಾಕಿದೆ. ಮುಗಿಯಿತು. ಇನ್ನೊಂದು ಸಲ ಎಂದರು.

ಅಷ್ಟರಲ್ಲಿ ನಾನೂ ಕಂಡೆ. ಶಿವರಾಮು ಎಡಗೈಯಲ್ಲಿ ಉಣ್ಣುತ್ತಿದ್ದ. ಅನ್ನ ಬೆರಳ ಸಂದಿಯಿಂದ ಜಾರಿ ಮೇಜಿನ ಮೇಲೆ ಬೀಳುತ್ತಿತ್ತು. ಬಲಭುಜ ಇತ್ತು, ಅಂಗಿಯ ಬಲತೋಳೂ ಇತ್ತು. ತೋಳು ಮೇಜಿನ ಕೆಳಕ್ಕೆ ಇಳಿದಿತ್ತು. ವಿಡಿಯೊ ಮುಗಿಯುವವರೆಗೂ ಅದು ಮೇಲಕ್ಕೆ ಬರಲಿಲ್ಲ.

ಹುಡುಗರ ಗದ್ದಲ ನಡೆದೇ ಇತ್ತು. ಮಾವ ತಲೆಯೆತ್ತಿ ನನ್ನನ್ನೇ ನೋಡಿದರು. ಕೇಳಿದ್ದು ನನಗೊಬ್ಬಳಿಗೇ ಕೇಳಿಸುವಷ್ಟು ಮೆಲ್ಲಗೆ.

"ಸಿವಲಕ್ಸ್ಮಿ, ಮಗೀದು ಬಲಗೈ ಎಲ್ಲವ್ವಾ?"